ಸೋಲಾರ್ ಸಬ್ಸಿಡಿಗೆ ಮುನ್ನ ಕರೆಂಟ್ ಬಿಲ್ಲು ತೆಗೆದು ನೋಡಿ

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಕರೆಂಟ್ ಬಿಲ್ಲು ಮಾತ್ರ ಇನ್ನೂ ಅವರ ಹೆಸರಿಗೇ ಬರುತ್ತಿತ್ತು. ಮಗ ಸಾಲ ಮಾಡಿ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರು. "ಹೆಸರು ಆಮೇಲೆ ಸರಿ ಮಾಡಿಸೋಣ ಸಾರ್" ಎಂದಿದ್ದ ಏಜೆಂಟ್ ಈಗ ಫೋನ್ ಎತ್ತುವುದಿಲ್ಲ. 78,000 ರೂಪಾಯಿ ಬಂದಿಲ್ಲ. ಇಂಥವರು ನನ್ನ ಕಚೇರಿಗೆ ಬರುತ್ತಲೇ ಇದ್ದಾರೆ, ಅದೂ ಎಲ್ಲ ಮುಗಿದ ಮೇಲೆ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಎಷ್ಟೇ ದೊಡ್ಡದು ಹಾಕಿಸಿದರೂ 78,000 ದಾಟುವುದಿಲ್ಲ. ಇದು ಆದಾಯ ತೆರಿಗೆಯ ವಿನಾಯಿತಿಯಲ್ಲ. ವ್ಯಾಪಾರಸ್ಥರು ತೋರಿಸುವ ಸವಕಳಿ ನಿಮ್ಮ ವಾಸದ ಮನೆಗೆ ಸಿಗದು. ಸಿಗುತ್ತದೆ ಎನ್ನುವ ಮಾರಾಟಗಾರರನ್ನು ಅಲ್ಲಿಂದಲೇ ಕಳಿಸಿ. ಒಮ್ಮೆ ಸೋಲಾರ್ ಸಬ್ಸಿಡಿ ಪಡೆದ ಮನೆಯವರು ಹಳೇ ಪ್ಯಾನೆಲ್ ಬದಲಾಯಿಸಿ ಮತ್ತೆ ಕೇಳುವಂತಿಲ್ಲ.

ಪ್ಯಾನೆಲ್ ಏರಿಸುವ ಮೊದಲೇ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಹಾಕಿರಬೇಕು. ಅಲ್ಲಿ ನೋಂದಾಯಿಸಿದ ವೆಂಡರೇ ಕೆಲಸ ಮಾಡಬೇಕು. ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು; ಇದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನೆಟ್ ಮೀಟರ್ ಕೂಡಿಸಿ, ಎಸ್ಕಾಂನವರು ಪರಿಶೀಲಿಸಿದ ಮೇಲೆ ದುಡ್ಡು ನೇರ ನಿಮ್ಮ ಖಾತೆಗೆ ಬರುತ್ತದೆ.

ಎಡವುವುದು ಇಲ್ಲೇ. ಅರ್ಜಿ, ಕರೆಂಟ್ ಬಿಲ್ಲು, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರಿರಬೇಕು. ತೀರಿಹೋದವರ ಖಾತೆ ಮುಚ್ಚಿರುತ್ತದೆ, ಮಗನ ಖಾತೆ ಹೆಸರಿಗೆ ಹೊಂದುವುದಿಲ್ಲ. ಆದ್ದರಿಂದ ಮೊದಲು ಆರ್‌.ಆರ್‌. ನಂಬರ್ ನಿಮ್ಮ ಹೆಸರಿಗೆ ಆಗಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತಾ ಹಿಡಿದು ಎಸ್ಕಾಂನ ಉಪವಿಭಾಗ ಕಚೇರಿಗೆ ಹೋಗಿ. ಖಾತಾವೂ ಅಪ್ಪನ ಹೆಸರಲ್ಲೇ ಇದ್ದರೆ? ಅದನ್ನೇ ಮೊದಲು ಮಾಡಿಸಬೇಕು, ತಿಂಗಳುಗಳೇ ಹಿಡಿಯಬಹುದು. ಅಣ್ಣತಮ್ಮಂದಿರ ಸಹಿ ಸಾಕು, ಅಕ್ಕತಂಗಿಯರದು ಬೇಡ ಎಂದು ಬ್ರೋಕರ್ ಹೇಳಿದರೆ ನಂಬಬೇಡಿ, ಅವರೂ ವಾರಸುದಾರರೇ. ಹೆಸರಿನ ಒಂದಕ್ಷರ ತಪ್ಪಿದ್ದರೂ ಈಗಲೇ ತಿದ್ದಿಸಿ.

ಕಚೇರಿಗೆ ಹೆದರಬೇಡಿ. "ನಾಳೆ ಬನ್ನಿ" ಎಂದು ಮುದುಕರನ್ನು ಮೆಟ್ಟಿಲು ಹತ್ತಿಸಿ ಇಳಿಸುವ ಸಿಬ್ಬಂದಿಯನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯದೆ ಕದಲಬೇಡಿ; ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆಮೇಲೂ ಸತಾಯಿಸಿದರೆ 2003ರ ವಿದ್ಯುತ್ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

"ಸಬ್ಸಿಡಿ ಕಳೆದೇ ರೇಟು ಹೇಳಿದ್ದೇವೆ" ಎನ್ನುವ ವೆಂಡರ್‌ಗೆ ಖಾಲಿ ಚೆಕ್ಕು ಕೊಡಬೇಡಿ, ಒಟಿಪಿ ಹೇಳಬೇಡಿ. ಕರಾರು ಬರಹದಲ್ಲಿರಲಿ, 5 ವರ್ಷದ ನಿರ್ವಹಣೆ ಅದರಲ್ಲಿ ಸೇರಿರಲಿ. ಮೋಸವಾದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಏಜೆಂಟನ ವಾಟ್ಸಾಪ್ ಸಂದೇಶಗಳನ್ನು ಮಾತ್ರ ಅಳಿಸಬೇಡಿ, ಅಲ್ಲಿ ತೋರಿಸಲು ಎಷ್ಟೋ ಜನರ ಬಳಿ ಇರುವ ಸಾಕ್ಷ್ಯ ಅದೊಂದೇ.