ಐದರಿಂದ ಏಳರವರೆಗಿನ ಲೆಕ್ಕ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಂಜೆ ಐದಕ್ಕೆ ಸೈರನ್ ಕೂಗುವ ಹೊತ್ತಿಗೆ ಸೂಪರ್‌ವೈಸರ್ ಒಂದು ಹಾಳೆ ಹಿಡಿದು ಬರುತ್ತಿದ್ದರು. ಓಟಿಗೆ, ಅಂದರೆ ಓವರ್‌ಟೈಮಿಗೆ, ನಿಲ್ಲುವವರು ಅದರಲ್ಲಿ ಹೆಸರು ಬರೆಸಬೇಕು. 2021ರ ನವೆಂಬರ್‌ವರೆಗೆ ತಿಂಗಳಿಗೆ ಹನ್ನೆರಡು ದಿನವಾದರೂ ಆ ಹಾಳೆಯಲ್ಲಿ ನನ್ನ ಹೆಸರಿರುತ್ತಿತ್ತು. ಅಲ್ಲಿಂದ ಮೂರು ವರ್ಷ ಇರಲಿಲ್ಲ. ಸ್ಟೋರ್ಸಿನ ಇನ್‌ವರ್ಡ್ ರಿಜಿಸ್ಟರ್ ಮುಚ್ಚಿ, ಪಂಚ್ ಮಾಡಿ, ಮಲ್ಲೇಶ್ವರದ ಕಡೆಯ ಬಸ್ಸಿಗೆ ಓಡುತ್ತಿದ್ದೆ. ಮೂವತ್ತೊಂದನೇ ವಯಸ್ಸಿನಲ್ಲಿ, ನಾಲ್ಕು ವರ್ಷದ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಸಂಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿದ್ದೆ. ಆರೂಕಾಲಿಗೆ ಮೊದಲ ಕ್ಲಾಸು, ಒಂಬತ್ತಕ್ಕೆ ಬಿಡುಗಡೆ, ಲಗ್ಗೆರೆಯ ಮನೆ ಸೇರುವಾಗ ಹತ್ತು.

ಈಗ ಅದೇ ಕಾರ್ಖಾನೆಯ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ: ‘ಅಕ್ಕಾ, ಸಂಜೆ ಕಾಲೇಜಿಗೆ ಎಷ್ಟಾಗುತ್ತೆ?’ ನಾನು ಸೇರುವಾಗಲೂ ಇದೇ ಪ್ರಶ್ನೆ ಕೇಳಿದ್ದೆ, ಎಲ್ಲರೂ ಫೀಸು ಹೇಳಿದ್ದರು. ಪರೀಕ್ಷಾ ಶುಲ್ಕವೂ ಸೇರಿ ವರ್ಷಕ್ಕೆ 13,500. ಮೂರು ವರ್ಷಕ್ಕೆ 40,500. ಅದೊಂದೇ ಅಂಕಿ ನಂಬಿ ಸೇರಿದೆ. ಅದು ತಪ್ಪು ಅಂಕಿ ಎಂದು ಗೊತ್ತಾಗಿದ್ದು ಎರಡನೇ ತಿಂಗಳ ಸಂಬಳದ ಚೀಟಿ ನೋಡಿದಾಗ.

ಆಗ ನನ್ನ ದಿನಗೂಲಿ 520 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 65. ಕಾರ್ಖಾನೆ ಕಾಯ್ದೆಯ ಪ್ರಕಾರ ಓಟಿಗೆ ದುಪ್ಪಟ್ಟು, ಅಂದರೆ 130. ದಿನಕ್ಕೆರಡು ಗಂಟೆಯಂತೆ ಹನ್ನೆರಡು ದಿನ, ತಿಂಗಳಿಗೆ 24 ಗಂಟೆ, 3,120 ರೂಪಾಯಿ. ಮನೆಯ ಹಾಲು, ತರಕಾರಿ, ಗ್ಯಾಸು ನಡೆಯುತ್ತಿದ್ದುದು ಅದರಲ್ಲೇ. ರಜೆಯ ತಿಂಗಳುಗಳನ್ನು ಬಿಟ್ಟು ಮೂವತ್ತು ತಿಂಗಳು ಕ್ಲಾಸು ನಡೆಯಿತು. ಆಮೇಲೆ ಕೂಲಿ ಏರಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಹಳೆಯ ದರದಲ್ಲೇ ಗುಣಿಸಿದರೂ 93,600. ಫೀಸಿನ ಎರಡು ಪಟ್ಟಿಗಿಂತ ಹೆಚ್ಚು. ಇದಕ್ಕೆ ಯಾರೂ ರಸೀದಿ ಕೊಡುವುದಿಲ್ಲ, ಕೈಗೆ ಬಂದು ಹೋಗುವ ದುಡ್ಡೂ ಅಲ್ಲ. ಹಾಗಾಗಿ ಖರ್ಚು ಎಂದೇ ಅನ್ನಿಸುವುದಿಲ್ಲ. ಆದರೆ ಅಡುಗೆಮನೆಯ ಡಬ್ಬಿಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ಹೊಟ್ಟೆ. ಮಧ್ಯಾಹ್ನ ಹನ್ನೆರಡೂವರೆಗೆ ಉಂಡವಳಿಗೆ ರಾತ್ರಿ ಹತ್ತರವರೆಗೆ ತಡೆಯಲು ಆಗುತ್ತಿರಲಿಲ್ಲ. ಕಾಲೇಜಿನ ಪಕ್ಕದ ದರ್ಶಿನಿಯಲ್ಲಿ ಇಡ್ಲಿ, ವಡೆ, ಕಾಫಿ: 45 ರೂಪಾಯಿ. ತಿಂಗಳಿಗೆ ಹದಿನೆಂಟು ದಿನ, 810. ಮೊದಲ ವರ್ಷದ ಹತ್ತು ತಿಂಗಳಿಗೆ 8,100, ಫೀಸಿನ ಅರ್ಧಕ್ಕಿಂತ ಜಾಸ್ತಿ. ಎರಡನೇ ವರ್ಷದಿಂದ ಬೆಳಿಗ್ಗೆಯೇ ಇನ್ನೊಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡೆ. ತಣ್ಣಗಿರುತ್ತಿತ್ತು, ಸಾಕಾಗುತ್ತಿತ್ತು.

ಮೂರನೆಯದು ನನ್ನದೇ ಆತುರ. ಮೊದಲ ವರ್ಷದ ಫೀಸಿಗೆಂದು ಬೀದಿಯ ಚೀಟಿ ಎತ್ತಿದೆ. ಇಪ್ಪತ್ತು ಜನ, ತಲಾ 2,000, ಒಟ್ಟು 40,000ದ ಚೀಟಿ. ಮೂರನೇ ತಿಂಗಳಲ್ಲೇ 9,000 ಬಿಟ್ಟು ಕೂಗಿ 31,000 ತಂದೆ. ನನಗೆ ಬೇಕಿದ್ದದ್ದು 13,500. ಮಿಕ್ಕದ್ದು ಮಿಕ್ಸಿಗೆ, ನಾದಿನಿಯ ಸೀಮಂತಕ್ಕೆ, ಎಲ್ಲೆಲ್ಲಿಗೋ ಹೋಯಿತು. ಪ್ರತಿ ತಿಂಗಳು ಹಂಚಿ ಬಂದ ಲಾಭ ಕಳೆದರೂ ಆ ಚೀಟಿ ನನ್ನಿಂದ ಸುಮಾರು 6,000 ತಿಂದಿತು. ಮರುವರ್ಷ ಕಾಲೇಜಿನ ಆಫೀಸಿನಲ್ಲಿ ‘ಸರ್, ಎರಡು ಕಂತಲ್ಲಿ ಕಟ್ಟಬಹುದಾ?’ ಎಂದು ಕೇಳಿದೆ. ಗುಮಾಸ್ತರು ತಲೆ ಎತ್ತದೆ ‘ಅರ್ಜಿ ಬರ್ಕೊಡಮ್ಮ’ ಅಂದರು. ಬಡ್ಡಿಯಿಲ್ಲ, ಕೂಗಿಲ್ಲ. ಮೊದಲ ವರ್ಷ ನಾನು ಕೇಳಿರಲೇ ಇಲ್ಲ. ಸಂಜೆ ಕಾಲೇಜು ಸೇರುವವರು ಮಾಡಬೇಕಾದ ಮೊದಲ ಕೆಲಸ ಆ ಅರ್ಜಿ ಬರೆಯುವುದು.

ಪಿಎಫ್ ದುಡ್ಡು ತೆಗೆಯೋಣವೆಂದೂ ನೋಡಿದ್ದೆ. ಏಳು ವರ್ಷ ಸದಸ್ಯರಾಗಿದ್ದರೆ ನಮ್ಮ ಪಾಲಿನ ಅರ್ಧದವರೆಗೆ ವಿದ್ಯಾಭ್ಯಾಸಕ್ಕೆ ಪಡೆಯಬಹುದು ಎಂದು ಕೇಳಿದ್ದೆ. ಆಗಿನ ನಿಯಮ ಓದಿದರೆ, ಅದು ಹತ್ತನೇ ತರಗತಿಯ ನಂತರ ಮಗ ಅಥವಾ ಮಗಳ ಓದಿಗೆ ಮಾತ್ರ. ದುಡಿದು ಪಿಎಫ್ ಕಟ್ಟಿದವಳೇ ಓದುತ್ತೇನೆಂದರೆ ಆ ಕಲಮಿನಲ್ಲಿ ಜಾಗವಿರಲಿಲ್ಲ. ಆದಾಯ ತೆರಿಗೆಯ ಪಾಠಕ್ಕೆ ಬಂದಾಗಲೂ ಅದೇ ಕಂಡಿತು: 80ಸಿ ಅಡಿಯಲ್ಲಿ ಬೋಧನಾ ಶುಲ್ಕ ಕಳೆಯಬಹುದಿತ್ತು, ಇಬ್ಬರು ಮಕ್ಕಳದು, ಸ್ವಂತದ್ದಲ್ಲ. ಸ್ವಂತ ಓದಿಗೆ ಸಿಗುತ್ತಿದ್ದುದು 80ಇ, ಅದು ಶಿಕ್ಷಣ ಸಾಲದ ಬಡ್ಡಿಗೆ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ನನ್ನ ಸಂಬಳಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ, ಹಾಗಾಗಿ ನಷ್ಟವೇನೂ ಆಗಲಿಲ್ಲ. ಆದರೆ ಆ ಪುಟದಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದು ನೆನಪಿದೆ. ಈ ನಿಯಮಗಳನ್ನು ಬರೆದವರ ಕಣ್ಣಿನಲ್ಲಿ ದುಡಿಯುವವರು ಅಪ್ಪ ಅಮ್ಮ, ಓದುವವರು ಮಕ್ಕಳು. ಎರಡನ್ನೂ ಒಬ್ಬಳೇ ಮಾಡುವ ಮನೆ ಅವರಿಗೆ ಕಂಡಿರಲಿಲ್ಲ.

ನಾವು ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚು. 2021ರಲ್ಲಿ ಅದನ್ನು ದೇಶದಲ್ಲೇ ಮೊದಲು ಜಾರಿಗೆ ತಂದಿದ್ದು ಕರ್ನಾಟಕ. ಪದವಿ ನಾಲ್ಕು ವರ್ಷವೆಂದರು, ಮೂರಕ್ಕೆ ನಿಲ್ಲಿಸಿದರೂ ಪದವಿ ಸಿಗುತ್ತದೆ, ನಾಲ್ಕನೆಯದು ಆನರ್ಸ್ ಎಂದರು. ಪತ್ರಿಕೆಗಳಲ್ಲಿ ವಾದ ಜೋರಾಗಿತ್ತು. ನಮ್ಮ ತರಗತಿಯಲ್ಲಿ ಪ್ರಶ್ನೆ ಒಂದೇ: ನಾಲ್ಕನೇ ವರ್ಷ ಅಂದರೆ ಎಷ್ಟು? ನನ್ನ ಮಟ್ಟಿಗೆ ಹತ್ತು ತಿಂಗಳ ಓಟಿ 31,200, ಫೀಸು 13,500, ಒಟ್ಟು 44,700. ನಾನು ಮೂರಕ್ಕೇ ನಿಲ್ಲಿಸಿದೆ. 2024ರ ಮೇ ತಿಂಗಳಲ್ಲಿ ಬೇರೆ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದು ವರ್ಷ ಹೆಚ್ಚಿಸುವುದಾಗಲಿ ಕಡಿಮೆ ಮಾಡುವುದಾಗಲಿ ವಿಧಾನಸೌಧದಲ್ಲಿ ನೀತಿಯ ಮಾತು. ಸಂಜೆ ಆರೂಕಾಲಿನ ಬೆಂಚಿನಲ್ಲಿ ಕೂತವರಿಗೆ ಅದು ಒಂದು ವರ್ಷದ ಹಾಲಿನ ಬಿಲ್ಲು.

2023ರ ಫೆಬ್ರುವರಿಯಲ್ಲಿ ಇನ್ನೊಂದು ಸುದ್ದಿ ಬಂತು. ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಯವರೆಗೂ ಎಳೆಯಲು ಅವಕಾಶ ಕೊಡುವ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ವಾರಕ್ಕೆ 48 ಗಂಟೆ ಮೀರುವಂತಿಲ್ಲ, ಕಾರ್ಮಿಕರ ಒಪ್ಪಿಗೆ ಬೇಕು ಎಂಬ ಮಾತೂ ಇತ್ತು. ನಮ್ಮ ಕಾರ್ಖಾನೆಯಲ್ಲಿ ಅದು ಬರಲಿಲ್ಲ. ಬಂದಿದ್ದರೆ ನನ್ನ ಬಿ.ಕಾಂ. ಅಲ್ಲಿಗೆ ಮುಗಿಯುತ್ತಿತ್ತು. ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡಿದರೂ, ಆ ನಾಲ್ಕು ಸಂಜೆಯ ಹಾಜರಾತಿ ಎಲ್ಲಿಂದ ತರುವುದು? ಶೇ 75 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಅದೇ ವರ್ಷ ಮೇ 10ರಂದು ಚುನಾವಣೆ, ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾದ ಶಕ್ತಿ ಯೋಜನೆ. ಅಲ್ಲಿಯವರೆಗೆ ನಾನು 1,050 ರೂಪಾಯಿಯ ತಿಂಗಳ ಪಾಸು ತೆಗೆಸುತ್ತಿದ್ದೆ. ಕಾರ್ಖಾನೆಗೆ ನಡೆದೇ ಹೋಗುತ್ತಿದ್ದೆ, ಪಾಸು ಬೇಕಿದ್ದದ್ದು ಕಾಲೇಜಿಗೆ ಮಾತ್ರ. ಹದಿನೈದು ತಿಂಗಳಿಗೆ 15,750 ಆಗಿತ್ತು. ಶೂನ್ಯ ಟಿಕೆಟ್ ಕೈಗೆ ಬಂದ ಮೊದಲ ಸಂಜೆ ಕ್ಲಾಸಿನಲ್ಲಿ ಜಗಳವೇ ಆಯಿತು. ನನ್ನ ಹಿಂದಿನ ಬೆಂಚಿನ ಹುಡುಗ ರಾಜಾಜಿನಗರದ ಹೋಟೆಲೊಂದರಲ್ಲಿ ಸಪ್ಲೈಯರ್. ‘ಬಿಟ್ಟಿ ಬಸ್ಸಲ್ಲಿ ಬಂದ್ರಾ ಅಕ್ಕಾ?’ ಅಂದ. ಸಿಟ್ಟು ಬಂತು. ‘ಬಿಟ್ಟಿ ಅನ್ಬೇಡಪ್ಪ, ಎಣ್ಣೆಯಿಂದ ಸೋಪಿನವರೆಗೆ ಏನೋ ಒಂದು ತೆರಿಗೆ ನಾನೂ ಕಟ್ತೀನಿ’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ ಅಕ್ಕಾ, ಆದ್ರೆ ನಾನೂ ಇದೇ ಫೀಸು ಕಟ್ತೀನಿ, ಇದೇ ಬಸ್ಸಲ್ಲಿ ನಿಂತ್ಕೊಂಡು ಬರ್ತೀನಿ’ ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತೂ ಇಲ್ಲ. ಶಕ್ತಿ ಇಲ್ಲದಿದ್ದರೆ ನಮ್ಮ ಕ್ಲಾಸಿನ ಇಬ್ಬರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೊನೆಯ ವರ್ಷಕ್ಕೆ ಬರುತ್ತಲೇ ಇರಲಿಲ್ಲ, ಅದನ್ನು ಕಣ್ಣಾರೆ ಕಂಡಿದ್ದೇನೆ. ಅವನ ಮಾತಿನಲ್ಲೂ ನ್ಯಾಯವಿದೆ. ದುಡಿಯುತ್ತಾ ಓದುವ ಗಂಡುಮಕ್ಕಳನ್ನು ಸರ್ಕಾರದ ಯಾವ ಗ್ಯಾರಂಟಿ ಯೋಜನೆಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯ 3,000 ಕೂಡ ಕೆಲಸವಿಲ್ಲದ ಪದವೀಧರರಿಗೆ. ಅದು ಇರಬೇಕಾದ್ದು ಹಾಗೆಯೇ. ಆದರೆ ಅವನು ಅಲ್ಲಿಯೂ ಸಲ್ಲಲಿಲ್ಲ.

ಉಳಿದ 1,050ರಲ್ಲಿ ನಾನು ಸಮಯ ಕೊಂಡೆ. ತುಮಕೂರು ರಸ್ತೆಯಲ್ಲಿ ಬಸ್ಸು ಗೊರಗುಂಟೆಪಾಳ್ಯ ದಾಟಲು ಅರ್ಧ ಗಂಟೆ ಹಿಡಿಯುವ ದಿನಗಳಿದ್ದವು. ಇಂಟರ್ನಲ್ಸ್ ಇದ್ದ ಸಂಜೆ ಪೀಣ್ಯದಲ್ಲಿ ಮೆಟ್ರೊ ಹತ್ತಿದರೆ ಇಪ್ಪತ್ತು ನಿಮಿಷ, ಸುಮಾರು ಇಪ್ಪತ್ತೈದು ರೂಪಾಯಿ. ಮೆಟ್ರೊಗೆ ಒಟ್ಟು 4,000 ಹೋಯಿತು. ಅದರಲ್ಲಿ ಒಂದು ರೂಪಾಯಿಗೂ ನಾನು ಕೊರಗಿಲ್ಲ. ಸೀಟು ಸಿಕ್ಕರೆ ಒಂದು ಪಾಠ ಮುಗಿಯುತ್ತಿತ್ತು.

ಭಾನುವಾರಗಳ ಮಾತು ಬೇರೆ. ನನ್ನ ಓದು ನಡೆಯುತ್ತಿದ್ದುದೇ ಅವತ್ತು. 2023ರ ಸೆಪ್ಟೆಂಬರ್ 26ರಂದು ಕಾವೇರಿಗಾಗಿ ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಕಾರ್ಖಾನೆ ಎರಡು ದಿನವೂ ಮುಚ್ಚಿತು. ಬದಲಿಗೆ ಎರಡು ಭಾನುವಾರ ಕೆಲಸ ಹಾಕಿದರು. ನಾನು ಕುಣಿಗಲ್ ಕಡೆಯವಳು, ಒಣಗಿದ ಗದ್ದೆ ನೋಡಿ ಬೆಳೆದವಳು, ಬಂದ್ ಬೇಡವೆಂದು ಹೇಳಲಾರೆ. ಆದರೆ ಕಾಸ್ಟ್ ಅಕೌಂಟಿಂಗ್ ಪೇಪರು ಆ ಸಲ ಉಳಿಯಿತು. ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿದಾಗಲೂ ಹಾಗೆಯೇ. 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ದರ ಕಟ್ಟಿದರೂ ಟ್ಯಾಂಕರು ಬರುವ ಹೊತ್ತು ಯಾರೂ ಕಟ್ಟಲಿಲ್ಲ. ನಮ್ಮ ಬೀದಿಗೆ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು. ಆರನೇ ಸೆಮಿಸ್ಟರಿನ ನೋಟ್ಸನ್ನು ಬಿಂದಿಗೆ ಸಾಲಿನಲ್ಲಿ ನಿಂತು ಓದಿದ್ದೇನೆ.

ಕೊನೆಯ ಕಂತು 6,750. ಕೈಯಲ್ಲಿ 750 ಇತ್ತು. ಅತ್ತೆಗೆ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ದುಡ್ಡು ಬರಲು ಶುರುವಾಗಿತ್ತು, ಮೂರು ತಿಂಗಳದ್ದು ಬ್ಯಾಂಕಿನಲ್ಲೇ ಬಿಟ್ಟಿದ್ದರು. ತಂದು ಕೊಟ್ಟರು. ನಾನು ಬೇಡವೆಂದೆ. ‘ತಗೊ ಕಣವ್ವ. ಮನೆ ಯಜಮಾನಿಗೆ ಅಂತ ಕೊಟ್ಟವ್ರೆ. ಯಜಮಾನಿ ನಾನು, ಯಾವುದಕ್ಕೆ ಹಾಕ್ಬೇಕು ಅಂತ ನಾನೇ ಹೇಳ್ತೀನಿ’ ಅಂದರು. ಅತ್ತೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಒಟ್ಟು ಕೂಡಿಸುತ್ತೇನೆ. ಓಟಿ 93,600, ಫೀಸು 40,500, ಪುಸ್ತಕ ಮತ್ತು ಜೆರಾಕ್ಸ್ 6,000, ಬಸ್ಸು 15,750, ಮೆಟ್ರೊ 4,000, ದರ್ಶಿನಿ 8,100, ಚೀಟಿ 6,000. ಎಲ್ಲ ಸೇರಿ 1,73,950.

ಬಂದದ್ದೇನು? 2025ರ ಫೆಬ್ರುವರಿಯಲ್ಲಿ ಬೇರೊಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ಸ್ಟೋರ್ಸಿನಲ್ಲಿ 17,000 ಇತ್ತು, ಇಲ್ಲಿ 22,000. ತಿಂಗಳಿಗೆ 5,000 ಹೆಚ್ಚು, ಮೂವತ್ತೈದು ತಿಂಗಳಲ್ಲಿ ಹಾಕಿದ್ದು ವಾಪಸು ಎಂದು ಎಲ್ಲರಿಗೂ ಹೇಳಿದೆ. ಆಮೇಲೆ ಒಂದು ರಾತ್ರಿ ಕೂತು ಸರಿಯಾಗಿ ಬರೆದೆ. ಅಕೌಂಟ್ಸಿನವರು ಸ್ಟಾಫು, ಅವರಿಗೆ ಓಟಿ ಇಲ್ಲ. ಸ್ಟೋರ್ಸಿನಲ್ಲೇ ಇದ್ದು 24 ಗಂಟೆ ಓಟಿ ಮಾಡಿದ್ದರೆ ಗಂಟೆಗೆ 163 ಚಿಲ್ಲರೆಯಂತೆ 3,923 ಬರುತ್ತಿತ್ತು. ಹಾಗಾದರೆ ನಿಜವಾದ ಹೆಚ್ಚಳ 1,077. ಆ ಲೆಕ್ಕದಲ್ಲಿ ಹಾಕಿದ್ದು ತೀರಲು 162 ತಿಂಗಳು, ಹದಿಮೂರು ವರ್ಷ ದಾಟುತ್ತದೆ. ನಾನು ಈ ಎರಡನೇ ಅಂಕಿಯನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಓದುವ ಹುಡುಗಿಯರಿಗೆ ಇದನ್ನೂ ಹೇಳುತ್ತೇನೆ. ಜೊತೆಗೆ ಇನ್ನೂ ಒಂದು ಮಾತು ಹೇಳುತ್ತೇನೆ: ಓಟಿ ನಮ್ಮ ಹಕ್ಕಲ್ಲ, ಆರ್ಡರು ಇದ್ದರೆ ಮಾತ್ರ. ಲಾಕ್‌ಡೌನಿನಲ್ಲಿ ಆ ಹಾಳೆಯೇ ಬರಲಿಲ್ಲ. ಈಗ ಐದೂವರೆಗೆ ಮನೆಯಲ್ಲಿರುತ್ತೇನೆ, ಮಗಳ ಕಾಗುಣಿತ ತಿದ್ದುತ್ತೇನೆ. ಆ 24 ಗಂಟೆಗೆ ಪೇಟೆ 3,923 ಕೊಡುತ್ತಿತ್ತು. ನಾನು ಅದನ್ನು ಮಾರದೆ ಇಟ್ಟುಕೊಂಡಿದ್ದೇನೆ. ಅದು ನಷ್ಟದ ಕಾಲಮ್ಮಿಗೆ ಹೋಗಬೇಕೋ ಗಳಿಕೆಯ ಕಾಲಮ್ಮಿಗೋ, ಪ್ರತಿ ಮನೆಯವರು ಅವರವರೇ ಬರೆದುಕೊಳ್ಳಬೇಕು. ನಾನು ಗಳಿಕೆಯಲ್ಲಿ ಬರೆದಿದ್ದೇನೆ.

ಒಂದನ್ನು ಮಾತ್ರ ಮೊದಲೇ ಯೋಚಿಸಿರಲಿಲ್ಲ: ಇಎಸ್ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ. 2017ರ ಜನವರಿಯಿಂದ ಅದರ ಸಂಬಳದ ಮಿತಿ ತಿಂಗಳಿಗೆ 21,000, ನಾನು ಕೆಲಸ ಬದಲಿಸಿದಾಗಲೂ ಅಷ್ಟೇ. ಓಟಿ ಸೇರಿ 21,000 ದಾಟಿದರೆ ತೊಂದರೆಯಿಲ್ಲ, ಮಿತಿಗೆ ಓಟಿ ಲೆಕ್ಕವಿಲ್ಲ. ಸಂಬಳವೇ ದಾಟಿದರೆ ಕಾರ್ಡು ಹೋಗುತ್ತದೆ. ನನ್ನದು ಹೋಯಿತು. ನಮ್ಮನೆಯವರು ಸಿಎನ್‌ಸಿ ಆಪರೇಟರ್, ಸಂಬಳ 19,200. ಅವರ ಕಾರ್ಡಿನಲ್ಲಿ ನಾವೆಲ್ಲ ಇದ್ದೇವೆ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಯೂ ಅದರಲ್ಲೇ.

ಈಗ ಅವರು ಸಂಜೆ ಪಾಲಿಟೆಕ್ನಿಕ್ ಸೇರುತ್ತೇನೆ ಎನ್ನುತ್ತಿದ್ದಾರೆ. ಡಿಪ್ಲೊಮಾ ಆದರೆ 24,000 ಸಿಗಬಹುದು. ಕಳೆದ ಭಾನುವಾರ ಹೊಸ ಪುಸ್ತಕದಲ್ಲಿ ಹೊಸ ಪುಟ ತೆಗೆದೆವು. ಮೊದಲ ಸಾಲಿನಲ್ಲಿ ಫೀಸು ಬರೆಯಲಿಲ್ಲ. ಅವರ ಓಟಿ ಗಂಟೆಗೆ 185, ತಿಂಗಳಿಗೆ ನಲವತ್ತು ಗಂಟೆ, 7,400. ಎರಡನೇ ಸಾಲು, ಡಿಪ್ಲೊಮಾ ಆದ ಮೇಲೆ ಇಎಸ್ಐ ಹೋದರೆ ನಾಲ್ವರಿಗೆ ಏಜೆಂಟ್ ಹೇಳಿದ ಆರೋಗ್ಯ ವಿಮೆ, ವರ್ಷಕ್ಕೆ 38,000. ನಮ್ಮದು ಎಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ದರದ ಶೇ 30 ಮಾತ್ರ ಸಿಗುತ್ತದೆ. ಮೂರನೇ ಸಾಲಿಗೆ ಬಂದಾಗ ಅವರು ಪೆನ್ನು ಕೆಳಗಿಟ್ಟು, ‘ನೀನು ಸೇರುವಾಗ ಇಷ್ಟೆಲ್ಲ ಬರೆದಿದ್ದರೆ ಸೇರ್ತಿದ್ದೆಯಾ?’ ಎಂದು ಕೇಳಿದರು. ಸೇರುತ್ತಿದ್ದೆ, ಆದರೆ ಚೀಟಿ ಎತ್ತುತ್ತಿರಲಿಲ್ಲ ಅಂದೆ. ಅವರು ಮತ್ತೆ ಪೆನ್ನು ತೆಗೆದುಕೊಂಡು ಮೂರನೇ ಸಾಲಿನಲ್ಲಿ ಬರೆದರು: ‘ಫೀಸು, ಎರಡು ಕಂತು. ಅರ್ಜಿ ಕೊಡಬೇಕು.’