ಗುಲಗಂಜಿ

ನಮ್ಮ ಹಿತ್ತಲ ಬೇಲಿಯ ಗುಲಗಂಜಿ ಬಳ್ಳಿ ನಾನೇ ಬೆಳೆಸಿದ್ದು. ಬೀಜವನ್ನು ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ ಮಳೆಗಾಲದ ಶುರುವಿಗೆ ಊರಿದ್ದೆ. ಎಲೆ ಹುಣಸೆ ಎಲೆಯಂತೆ ಜೋಡಿ ಜೋಡಿ, ಹೂ ತಿಳಿ ನೇರಳೆ. ಕಾಯಿ ಬಿರಿದಾಗ ಕೆಂಪು ಬೀಜ, ಒಂದು ತುದಿ ಮಾತ್ರ ಕಪ್ಪು. ಹಿಂದೆ ಅಕ್ಕಸಾಲಿಗರು ಇದರಿಂದಲೇ ಚಿನ್ನ ತೂಗುತ್ತಿದ್ದರು. ಒಂದು ಬೀಜ ಸುಮಾರು 120 ಮಿಲಿಗ್ರಾಂ!

ಒಳಗಿರುವುದು ಅಬ್ರಿನ್ ಎಂಬ ವಿಷ. ಸಿಪ್ಪೆ ಗಟ್ಟಿ, ಇಡೀ ನುಂಗಿದರೆ ಹಾಗೇ ಹೊರಗೆ ಹೋಗಲೂಬಹುದು. ಅಗಿದರೆ ಪ್ರಾಣಕ್ಕೇ ಅಪಾಯ. ವಾಂತಿ, ಭೇದಿ ತಡವಾಗಿಯೂ ಶುರುವಾಗುತ್ತದೆ, ಅದಕ್ಕೇ ಕಾಯದೆ ಆಸ್ಪತ್ರೆಗೆ ಓಡಬೇಕು.

ಹೋದ ವರ್ಷ ಅಳಗುಳಿಮಣೆ ಆಡುವಾಗ ನನ್ನ ತಂಗಿ ಒಂದನ್ನು ಬಾಯಿಗೆ ಹಾಕ್ಕೊಂಡಳು. ಅಮ್ಮ ಬೆರಳು ಹಾಕಿ ತೆಗೆದರು. ಬೀಜ ಒಡೆದಿರಲಿಲ್ಲ. ನನಗೆ ಮಾತೇ ಹೊರಡಲಿಲ್ಲ.

ಈ ಸಲ ಹೂ ಬಿಟ್ಟಾಗಲೇ ಚಿವುಟಿ ಹಾಕಿದೆ. ಆಟಕ್ಕೆ ಹುಣಸೆ ಬೀಜ ಇದೆಯಲ್ಲ.