ಕೂಸಿನ ಮೊದಲ ತುತ್ತು


ಕೂಸಿಗೆ 6 ತಿಂಗಳು ತುಂಬುವ ತನಕ ತಾಯಿಯ ಹಾಲು ಸಾಕು. ನೀರೂ ಬೇಡ. 6 ತಿಂಗಳು ತುಂಬಿದ ಮೇಲೆ ಹಾಲಷ್ಟೇ ಸಾಲದು. ಊಟ ಶುರು ಮಾಡಬೇಕು. ಎದೆಹಾಲನ್ನೂ 2 ವರ್ಷದ ತನಕ ಬಿಡಿಸಬಾರದು.

ಏನು ಕೊಡೋಣ?
ಅಂಗಡಿಯ ಡಬ್ಬಿ ಬೇಕಿಲ್ಲ. ನಮ್ಮ ಮನೆಯಾಗ ಎಲ್ಲಾ ಐತಿ. ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸೋಣ. ನುಣ್ಣಗೆ ಕಿವುಚೋಣ. ಅರ್ಧ ಚಮಚ ತುಪ್ಪ ಹಾಕೋಣ. ಜೋಳದ ಹಿಟ್ಟಿನ ಗಂಜಿ, ಬಾಳೆಹಣ್ಣು, ಬೇಯಿಸಿ ಕಿವುಚಿದ ಗಜ್ಜರಿ ಕೊಡೋಣ. ಗಂಜಿ ನೀರಿನಂತೆ ತೆಳ್ಳಗೆ ಇರಬಾರದು. ಮೊದಲು ದಿನಕ್ಕೆ 2 ಸಲ, 2-3 ಚಮಚ. ಬರಬರುತ್ತ ಹೆಚ್ಚಿಸೋಣ.

ಏನು ಕೊಡಬಾರದು?
ಕೂಸಿನ ಉಸಿರಿನ ನಳಿಕೆ ಬಹಳ ಸಣ್ಣದು. ಶೇಂಗಾ ಕಾಳು, ಪುಟಾಣಿ, ಕೊಬ್ಬರಿ ಚೂರು, ಇಡೀ ದ್ರಾಕ್ಷಿ ಅದರಲ್ಲಿ ಸಿಕ್ಕರೆ ಉಸಿರು ನಿಲ್ಲುತ್ತದೆ. ಶೇಂಗಾ ಕೊಡುವುದಾದರೆ ಹುರಿದು, ನುಣ್ಣಗೆ ಪುಡಿ ಮಾಡಿ, ಗಂಜಿಯಲ್ಲಿ ಕುದಿಸೋಣ. ಜೇನುತುಪ್ಪ 1 ವರ್ಷದ ತನಕ ಬೇಡವೇ ಬೇಡ.

ನಾವು ಕೂಸನ್ನು ಎತ್ತಿಕೊಂಡು ನಿಡಸೋಸಿ ಮಠಕ್ಕೆ ಹೋಗುತ್ತೇವೆ. "ಕೂಸಿನ ಬಾಯಾಗೂ ಒಂದು ಚೂರು ಪ್ರಸಾದ ಹಾಕವಾ" ಅಂತಾರ ಹಿರಿಯರು. ಪ್ರೀತಿಯಿಂದಲೇ ಅಂತಾರ. ಆದರೆ ಪ್ರಸಾದ ಕೊಬ್ಬರಿ, ಕಲ್ಲುಸಕ್ಕರೆ ಆಗಿದ್ದರೆ ಕೂಸಿನ ಹಣೆಗೆ ಮುಟ್ಟಿಸೋಣ. ತಿನ್ನುವುದು ನಾವು ತಿನ್ನೋಣ.

ಹೇಗೆ ಉಣಿಸೋಣ?
ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂಡಿಸೋಣ. ಮಲಗಿಸಿ ಉಣಿಸಬಾರದು. ಅಳುವಾಗ ತುರುಕಬಾರದು. ನಮ್ಮ ಕೈ, ಬಟ್ಟಲು, ಚಮಚ ಸೋಪು ಹಚ್ಚಿ ತೊಳೆಯೋಣ. ಹಾಲಿನ ಬಾಟಲಿ ಬೇಡ. ಮುಂಜಾನೆಯ ಗಂಜಿ ಸಂಜೆಗೆ ಬೇಡ.

ಗಂಟಲಲ್ಲಿ ಸಿಕ್ಕರೆ?
ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡ್ರಿ. ದನಿ ಬರದಿದ್ದರೆ, ಮುಖ ನೀಲಿ ಆದರೆ ತಡ ಮಾಡಬ್ಯಾಡ್ರಿ.
1. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿರಿ. ದವಡೆ ಹಿಡಿಯಿರಿ. ತಲೆ ಕೆಳಗಿರಲಿ.
2. ಎರಡು ಭುಜಗಳ ನಡುವೆ, ಅಂಗೈ ಬುಡದಿಂದ 5 ಸಲ ಹೊಡೆಯಿರಿ.
3. ಚೂರು ಬೀಳದಿದ್ದರೆ ಅಂಗಾತ ತಿರುಗಿಸಿರಿ. ಎದೆಯ ನಡುವೆ 5 ಸಲ ಒತ್ತಿರಿ.
4. ಚೂರು ಬೀಳುವ ತನಕ ಹೀಗೇ ಮಾಡಿರಿ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ.
ಚೂರು ಕಣ್ಣಿಗೆ ಕಾಣದಿದ್ದರೆ ಬಾಯಲ್ಲಿ ಬೆರಳು ಹಾಕಬಾರದು. ಅದು ಇನ್ನೂ ಒಳಗೆ ಹೋಗುತ್ತದೆ.

ಇದನ್ನು ಮನೆಯಲ್ಲಿ ಅತ್ತಿಗೂ, ಕೂಸು ಆಡಿಸುವ ಮಕ್ಕಳಿಗೂ ಓದಿ ಹೇಳೋಣ. ಕೂಸು ಎಲ್ಲರ ಕೈಯಲ್ಲೂ ಬೆಳೆಯುತ್ತದೆ.

ಉತ್ತರ ಬರೆಯಿರಿ
1. ಊಟ ಶುರು ಮಾಡುವುದು ಎಷ್ಟು ತಿಂಗಳು ತುಂಬಿದ ಮೇಲೆ?
2. ಶೇಂಗಾವನ್ನು ಕೂಸಿಗೆ ಹೇಗೆ ಕೊಡಬೇಕು?
3. ನಿಮ್ಮ ಮನೆಯಲ್ಲಿ ಕೂಸಿನ ಕೈಗೆ ಸಿಗಬಾರದ ಮೂರು ವಸ್ತು ಯಾವುವು?